ಮಾವ ಹೊತ್ತೊಯ್ದ ಕುಕ್ಕರ್

ನಮ್ಮ ಸೋದರಮಾವ ಮನುಷ್ಯರ ಮೈಯ ತುಂಡುಗಳನ್ನು ಕುಕ್ಕರಿನಲ್ಲಿಟ್ಟು ಬೇಯಿಸುತ್ತಿದ್ದ ಎಂದರೆ ನೀವು ಹೌಹಾರುತ್ತೀರಿ. ಹಾರಿ, ಪರವಾಗಿಲ್ಲ. ನಾವೂ ಹಾರಿದ್ದೆವು. ನಮ್ಮ ಅತ್ತೆಯಂತೂ ಹಾರಿದವಳು ಎರಡು ದಿನ ಕೆಳಗೇ ಇಳಿದಿರಲಿಲ್ಲ. ಏಕೆಂದರೆ ಆ ಕುಕ್ಕರ್ ಅವಳದು!

ಪೊಲೀಸರಿಗೆ ಹೇಳಲು ಹೊರಡಬೇಡಿ. ಮಾವ ಕೊಲೆಗಾರನಲ್ಲ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಮೊಟ್ಟೆಯ ಹೆಸರು ಹೇಳಿದರೂ ಬಾಯಿ ಮುಕ್ಕಳಿಸುವ ಮನೆತನದವನು. ಹರಪನಹಳ್ಳಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿಯೇ ಅವನ ಮನೆ. ಬೆಳಗಿನ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ ಸಂಜೆ ಬರುವ ನೌಕರಿ. ಅಲ್ಲಿನ ದೊಡ್ಡದೊಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನೀಷಿಯನ್. ಆಪರೇಷನ್ ಮಾಡಿ ತೆಗೆದ ಗಡ್ಡೆಗಳು ಫಾರ್ಮಲಿನ್ ಎಂಬ ಘಾಟು ಔಷಧಿಯಲ್ಲಿ ಮುಳುಗಿ ಅವನ ಮೇಜಿಗೆ ಬರುತ್ತಿದ್ದವು. ಅವನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ಯಂತ್ರಕ್ಕೆ ಕೊಟ್ಟು, ತೆಳುವಾಗಿ ಹೆಚ್ಚಿ ಗಾಜಿಗೆ ಅಂಟಿಸಿ ಡಾಕ್ಟರಿಗೆ ಕೊಡುವುದು ಅವನ ಕೆಲಸ. ತೆಳುವಾಗಿ ಎಂದರೆ ಎಷ್ಟು? ಒಂದು ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತು ಪದರ!

ಇಂಥ ಮನುಷ್ಯನ ಕೈಗೆ ಸೌತೆಕಾಯಿ ಕೊಟ್ಟರೆ ಏನಾಗುತ್ತದೆ, ನೀವೇ ಹೇಳಿ. ಬಂಧುಗಳ ಮದುವೆಯೊಂದರಲ್ಲಿ ಅಡಿಗೆಯವರಿಗೆ ಸಹಾಯ ಮಾಡು ಎಂದು ಕೂರಿಸಿದ್ದರು. ಎಲ್ಲರೂ ಒಂದು ಬುಟ್ಟಿ ಹೆಚ್ಚಿ ಎದ್ದ ಹೊತ್ತಿಗೆ ಮಾವ ಒಂದೇ ಒಂದು ಸೌತೆಕಾಯಿ ಮುಗಿಸಿದ್ದ. ಬಿಲ್ಲೆಯನ್ನು ಪೇಪರಿನ ಮೇಲಿಟ್ಟರೆ ಅದರೊಳಗಿಂದ ಸುದ್ದಿ ಓದಬಹುದಿತ್ತು. ಅವನ ಪಾಲಿಗೆ ಅದು ಗೆಲುವು. ಹಸಿದ ಬೀಗರ ಕಡೆಯವರ ಪಾಲಿಗೆ ಅದು ಏನಾಗಿತ್ತೆಂದು ನಾನು ಬರೆಯುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಅವನ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಒಬ್ಬರು ಬಂದರು. ಕ್ಯಾನ್ಸರ್ ಗಡ್ಡೆಯ ಜೀವಕೋಶಗಳಲ್ಲಿ ಯಾವ ಪ್ರೋಟೀನು ಎಲ್ಲಿ ಕೂತಿದೆ ಎಂದು ಹುಡುಕುವುದು ಅವರ ಸಂಶೋಧನೆ. ಮಾವ ಅಂದಿನಿಂದ ಮನುಷ್ಯನಾಗಿ ಉಳಿಯಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ, ಹಾಲು ಹಾಕಲು ಬಂದವಳಿಗೆ, ಬಾಗಿಲಿಗೆ ಬಂದ ಜಂಗಮರಿಗೆ ಎಲ್ಲರಿಗೂ ಅದನ್ನೇ ಹೇಳುವುದು. ನಮ್ಮ ಪೇಟೆಯ ಅಂಗಡಿ ಸಾಲು ಇದೆಯಲ್ಲ, ಮೈಯ ಪ್ರತಿ ಜೀವಕೋಶದಲ್ಲೂ ಅಂಥದೇ ಒಂದು ಸಾಲು. ಎಲ್ಲ ಕಡೆ ಅವೇ ಅಂಗಡಿಗಳು. ಆದರೆ ಯಾವುದರ ಬಾಗಿಲು ತೆಗೆಯಬೇಕು, ಯಾವುದರದು ಹಾಕಬೇಕು ಎಂದು ನೋಡಿಕೊಳ್ಳುವ ಕಾವಲುಗಾರರು ಬೇರೆ ಇದ್ದಾರೆ. ಆ ಕಾವಲುಗಾರರೇ ಈ ಪ್ರೋಟೀನುಗಳು. ಅವರು ದಾರಿ ತಪ್ಪಿದರೆ ಸರಕು ಕೆಟ್ಟಿರದಿದ್ದರೂ ಪೇಟೆ ಹಾಳು. ಹಾಲಿನವಳು ಇದನ್ನೆಲ್ಲ ಕೇಳಿಸಿಕೊಂಡು, ನಾಳೆಯಿಂದ ಅರ್ಧ ಲೀಟರು ಸಾಕೇನ್ರಿ ಎಂದು ಕೇಳಿ ಹೋಗುತ್ತಿದ್ದಳು.

ಇನ್ನು ಕುಕ್ಕರಿನ ಕಥೆ. ಫಾರ್ಮಲಿನ್‌ನಲ್ಲಿ ಮುಳುಗೆದ್ದ ತುಂಡಿನಲ್ಲಿ ಈ ಪ್ರೋಟೀನುಗಳು ಮುಖ ಮುಚ್ಚಿಕೊಂಡು ಕೂತುಬಿಡುತ್ತವಂತೆ. ಮುಖ ತೆರೆಯಬೇಕಾದರೆ ಗಾಜಿನ ಪಟ್ಟಿಗಳನ್ನು ನಿಂಬೆಹುಳಿಯ ಉಪ್ಪು ಹಾಕಿದ ನೀರಿನಲ್ಲಿಟ್ಟು ಒತ್ತಡದಲ್ಲಿ ಕುದಿಸಬೇಕು. ಡಾಕ್ಟರಮ್ಮ ಕುಕ್ಕರ್ ಬೇಕೆಂದು ಆಸ್ಪತ್ರೆಗೆ ಅರ್ಜಿ ಬರೆದರು. ಪ್ರಯೋಗಾಲಯದಲ್ಲಿ ಅಡಿಗೆ ಮಾಡುವ ಉದ್ದೇಶವೇನು ಎಂದು ಕೇಳಿ ಅರ್ಜಿ ವಾಪಸು ಬಂತು. ಮರುದಿನ ಬೆಳಿಗ್ಗೆ ಮಾವ ಅತ್ತೆ ಸ್ನಾನಕ್ಕೆ ಹೋದದ್ದನ್ನು ನೋಡಿ, ಅವಳ ತವರಿನಿಂದ ಬಂದ ಐದು ಲೀಟರಿನ ಕುಕ್ಕರನ್ನು ಚೀಲಕ್ಕಿಳಿಸಿಕೊಂಡು ಬಸ್ಸು ಹತ್ತಿದ!

ಸಂಜೆ ಬರಿಗೈಯಲ್ಲಿ ಬಂದವನು ಏನನ್ನೂ ಮುಚ್ಚಿಡಲಿಲ್ಲ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ ಎಂದು ನಾವೆಲ್ಲ ಆಗ ನಂಬಿದ್ದೆವು. ಮೂರು ಸೀಟಿ ಹೊಡೆಸಿದೆವು, ಬಣ್ಣ ಬಹಳ ಚಲೋ ಬಂತು ಎಂದು ಮುಖ ಅರಳಿಸಿ ಹೇಳಿದ. ಅತ್ತೆ ಗೋಡೆ ಹಿಡಿದು ಕೂತಳು. ಆಮೇಲೆ ಎದ್ದು ನಮ್ಮ ಮನೆಗೆ ಬಂದು ಅವ್ವನ ಮುಂದೆ ಹೇಳಿದ್ದು ಒಂದೇ ಮಾತು. "ಅಕ್ಕಾರ, ನಿಮ್ಮ ತಮ್ಮ ನನ್ನ ಕುಕ್ಕರಿನಾಗ ಮಂದೀನ್ನ ಬೇಯಿಸಿ ಬಂದಾನ್ರಿ."

ಕುಕ್ಕರ್ ಮತ್ತೆಂದೂ ಮನೆಗೆ ಬರಲಿಲ್ಲ. ಮಾವ ಹೊಸದು ತಂದುಕೊಟ್ಟ. ಆದರೂ ಅತ್ತೆ ತಿಂಗಳುಗಟ್ಟಲೆ ಆ ಹೊಸ ಕುಕ್ಕರಿನ ಸೀಟಿ ಕೇಳಿದರೆ ಬೆಚ್ಚುತ್ತಿದ್ದಳು. ನಾನೂ ಅವರ ಮನೆಯಲ್ಲಿ ಊಟಕ್ಕೆ ಕೂತರೆ ಸಾರನ್ನು ಸೌಟಿನಲ್ಲಿ ಎರಡು ಸಲ ತಿರುವಿ ನೋಡಿಯೇ ಹಾಕಿಸಿಕೊಳ್ಳುತ್ತಿದ್ದೆ.

ಅದು ಆರುವಷ್ಟರಲ್ಲಿ ಮೊಲ ಬಂತು! ಆಸ್ಪತ್ರೆಯ ಫ್ರಿಜ್ಜು ಕೆಟ್ಟು ನಿಂತಿತ್ತು. ಡಾಕ್ಟರಮ್ಮ ವಿದೇಶದಿಂದ ತರಿಸಿದ್ದ ಬೆರಳುದ್ದದ ಎರಡು ಸೀಸೆಗಳನ್ನು ಮಾವ ಥರ್ಮಾಸಿನಲ್ಲಿಟ್ಟುಕೊಂಡು ತಂದು, ತನ್ನ ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟ. ಏನಿದು ಎಂದು ಅತ್ತೆ ಕೇಳಿದಳು. ಬೇರೆ ಗಂಡಸಾಗಿದ್ದರೆ ಕಣ್ಣಿನ ಔಷಧಿ ಅನ್ನುತ್ತಿದ್ದ. ಇವನು ಮೊಲದ ರಕ್ತದಿಂದ ತೆಗೆದ ಪ್ರತಿಕಾಯ ಎಂದ! ಅತ್ತೆಯ ಕೈಯಲ್ಲಿದ್ದ ಮೊಸರಿನ ಗಡಿಗೆ ಅಲ್ಲೇ ಬಿದ್ದು ಒಡೆಯಿತು.

ಮೊಸರಿನ ನಡುವೆಯೇ ನಿಂತು ಮಾವ ಪಾಠ ಶುರುಮಾಡಿದ. ಹೊರಗಿನ ಪ್ರೋಟೀನು ಮೈಗೆ ಹೊಕ್ಕರೆ ಮೊಲದ ರಕ್ತ ಸುಮ್ಮನಿರುವುದಿಲ್ಲ, ಆ ಒಂದು ಮುಖವನ್ನು ಮಾತ್ರ ಗುರುತು ಹಿಡಿಯುವ ಪ್ರತಿಕಾಯ ತಯಾರು ಮಾಡುತ್ತದೆ. "ಸಾವಿರ ಮಂದಿ ಸಂತ್ಯಾಗ ಬಿಟ್ರೂ ತನಗ ಬೇಕಾದವನ್ನ ಹುಡುಕಿ ಹೆಗಲ ಮ್ಯಾಲ ಕೈ ಇಡ್ತೈತಿ ನೋಡು," ಎಂದ. ಆದರೆ ಕೈ ಇಟ್ಟದ್ದು ನಮ್ಮ ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಇನ್ನೊಂದು ಸೀಸೆ. ಅದರಲ್ಲಿರುವುದು ಮೊಲದ ಪ್ರತಿಕಾಯವನ್ನು ಹಿಡಿದುಕೊಂಡು ಕಂದು ಬಣ್ಣ ತರಿಸುವ, ಮೇಕೆಯಿಂದ ಮಾಡಿದ ಇನ್ನೊಂದು ಪ್ರತಿಕಾಯ.

"ಮೊಲ ಸಾಲ್ದು ಅಂತ ಮ್ಯಾಕಿನೂ ತಂದ್ರಿ?" ಎಂದಳು ಅತ್ತೆ.

ಆ ರಾತ್ರಿಯೇ ಬೆಣ್ಣೆ, ಹಾಲು, ಮೊಸರು ಎಲ್ಲ ನಮ್ಮ ಮನೆಗೆ ವಲಸೆ ಬಂದವು. ಫ್ರಿಜ್ಜು ಪೂರ್ತಿ ಮೊಲ ಮೇಕೆಗಳಿಗೆ.

ಪ್ರತಿಕಾಯಗಳ ಸಹವಾಸದಿಂದ ಮಾವನಿಗೆ ಹತ್ತಿದ ದೊಡ್ಡ ಹುಚ್ಚೆಂದರೆ ಕಂಟ್ರೋಲ್. ಪ್ರತಿ ಸಲ ಬಣ್ಣ ಹಾಕುವಾಗ, ಬಣ್ಣ ಬಂದೇ ಬರುತ್ತದೆ ಎಂದು ಮೊದಲೇ ಗೊತ್ತಿರುವ ತುಂಡೊಂದನ್ನು ಜೊತೆಗೆ ಇಡಬೇಕು. ಅದರಲ್ಲೂ ಬಾರದಿದ್ದರೆ ತಪ್ಪು ಔಷಧಿಯದು, ರೋಗಿಯದಲ್ಲ. ಅದೇ ಕಂಟ್ರೋಲ್. ಅದಿಲ್ಲದೆ ಯಾವ ಫಲಿತಾಂಶವನ್ನೂ ನಂಬಬಾರದು. ಸರಿ, ಪ್ರಯೋಗಾಲಯದಲ್ಲಿ ಮಾಡಿಕೊಳ್ಳಪ್ಪ, ಯಾರು ಬೇಡ ಅಂದರು? ಇವನು ಮನೆಯಲ್ಲೂ ಶುರುಮಾಡಿದ. ನನ್ನ ಪರೀಕ್ಷೆಗೆಂದು ಅವ್ವ ಮೈಲಾರಕ್ಕೆ ಹರಕೆ ಹೊತ್ತಾಗ, ಕಂಟ್ರೋಲ್ ಎಲ್ಲಿ ಎಂದು ಕೇಳಿದ. ಅದೇ ವರ್ಷ ಪರೀಕ್ಷೆಗೆ ಕೂತಿದ್ದ ಅತ್ತೆಯ ತಂಗಿಯ ಮಗಳಿಗೆ ಯಾರೂ ಹರಕೆ ಹೊರಬಾರದು, ಇಬ್ಬರ ಫಲಿತಾಂಶ ನೋಡೋಣ ಎಂದು ತಾಕೀತು ಮಾಡಿದ. ಅವಳು ಪಾಸಾದಳು. ನಾನು ಗಣಿತದಲ್ಲಿ ಮುಗ್ಗರಿಸಿದೆ! ಅವ್ವ ತಮ್ಮನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ನನ್ನ ಜೊತೆಗೂ ಬಿಟ್ಟಳು, ಅದು ಬೇರೆ ವಿಷಯ.

ಅವ್ವನ ಬಗ್ಗೆ ಇಲ್ಲಿ ಹೇಳಿಬಿಡಬೇಕು. ಮಾವನಿಗೆ ಅವಳು ಹನ್ನೆರಡು ವರ್ಷ ದೊಡ್ಡವಳು, ಅವನನ್ನು ಎತ್ತಿ ಆಡಿಸಿದವಳು. ಶುಚಿ ಎಂದರೆ ಪ್ರಾಣ. ಸಂತೆಯಿಂದ ತಂದ ಬಾಳೆಹಣ್ಣನ್ನು ಸಿಪ್ಪೆ ಸಮೇತ ತೊಳೆದು, ಸುಲಿದು, ಇನ್ನೊಮ್ಮೆ ತೊಳೆಯುವವಳು. ನನ್ನ ಸೋರುವ ಪೆನ್ನು ಅವಳ ಜನ್ಮವೈರಿ. ನನ್ನ ಬಲಗೈ ಹೆಬ್ಬೆಟ್ಟು ಸದಾ ನೀಲಿ. ಬಾಗಿಲು, ಲೋಟ, ಗೋಡೆ, ನಾನು ಮುಟ್ಟಿದ್ದಕ್ಕೆಲ್ಲ ನೀಲಿ ಮುದ್ರೆ. ಅವ್ವ ಅದನ್ನು ಒರೆಸುತ್ತ ನನ್ನ ಹಿಂದೆಯೇ ಬರುತ್ತಿದ್ದಳು.

ಅಷ್ಟು ಶುಚಿಯ ಅವ್ವ ತನ್ನ ಎದೆಯಲ್ಲಿ ಗಂಟೊಂದನ್ನು ಒಂದು ವರ್ಷ ಬಚ್ಚಿಟ್ಟುಕೊಂಡಿದ್ದಳು. ತಿಳಿದ ಕೂಡಲೇ ಅಪ್ಪ ಅವಳನ್ನು ಡಾಕ್ಟರ ಬಳಿ ಕರೆದೊಯ್ದ. ಊರಿನ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಆಗೆಲ್ಲ ನಮ್ಮ ಕಡೆ ಪದ್ಧತಿ ಏನೆಂದರೆ, ತೆಗೆದ ಗಡ್ಡೆಯನ್ನು ಬಾಟಲಿಯಲ್ಲಿ ಹಾಕಿ ರೋಗಿಯ ಕಡೆಯವರ ಕೈಗೇ ಕೊಡುತ್ತಿದ್ದರು. ಪರೀಕ್ಷೆಗೆ ಮುಟ್ಟಿಸುವುದು ಅವರ ಜವಾಬ್ದಾರಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಎಲ್ಲ ಕಡೆಯಿಂದ ಜನ ಹೀಗೆ ಬಾಟಲಿ ಹಿಡಿದು ಬಸ್ಸು ಹತ್ತುತ್ತಿದ್ದರು. ನಮಗೇನು ಚಿಂತೆ, ಮನೆಯಲ್ಲೇ ಮಾವ ಇದ್ದಾನಲ್ಲ! ಸಂಜೆ ಅವನು ಬಂದ ಮೇಲೆ ಕೊಡು ಎಂದು ಅಪ್ಪ ನನ್ನ ಕೈಗೆ ಬಾಟಲಿ ಕೊಟ್ಟು ಕಳಿಸಿದ.

ಮನೆಯಲ್ಲಿ ನಾನೊಬ್ಬಳೇ. ಮುಚ್ಚಳ ಸಡಿಲವಿತ್ತು, ಘಾಟಿಗೆ ಕಣ್ಣಲ್ಲಿ ನೀರು ಬಂತು. ಒಳಗೆ ರಕ್ತ ಕಲೆತ ಕೆಟ್ಟ ವಾಸನೆಯ ನೀರಿನಲ್ಲಿ ನನ್ನ ಅವ್ವ! ಬಾಳೆಹಣ್ಣನ್ನು ಎರಡು ಸಲ ತೊಳೆಯುವ ನನ್ನ ಅವ್ವ! ನನಗೆ ಸಹಿಸಲಾಗಲಿಲ್ಲ. ಬಚ್ಚಲಿಗೆ ಹೋಗಿ ಆ ನೀರನ್ನು ಚೆಲ್ಲಿದೆ. ತುಂಡನ್ನು ಮೂರು ಸಲ ತೊಳೆದೆ. ಬಾಟಲಿಯನ್ನೂ ಬೂದಿ ಹಚ್ಚಿ ತಿಕ್ಕಿದೆ. ಕುಡಿಯುವ ನೀರಿನ ಕೊಡದಿಂದ ತಿಳಿನೀರು ತುಂಬಿ, ಮುಚ್ಚಳ ಬಿಗಿದು, ಮಾವನ ಮನೆಯ ಗೂಡಿನಲ್ಲಿ ಇಟ್ಟೆ. ಅವ್ವನಿಗೆ ಸ್ನಾನ ಮಾಡಿಸಿದ ಸಮಾಧಾನ ನನಗೆ.

ಮರುದಿನ ಸಂಜೆ ನರ್ಸಿಂಗ್ ಹೋಮಿಗೆ ಬಂದ ಮಾವನ ಮುಖ ಕಪ್ಪಿಟ್ಟಿತ್ತು. ಅವ್ವನ ಹಾಸಿಗೆಯಿಂದ ದೂರ ಅಪ್ಪನನ್ನು ಕರೆದು ಹೇಳಿದ. ಫಾರ್ಮಲಿನ್ ಇಲ್ಲದ್ದರಿಂದ ತುಂಡು ಒಳಗೊಳಗೇ ಕೊಳೆತಿದೆ. ಅವ್ವನಿಗೆ ಒಂದು ಗುಳಿಗೆ ನಾಟುತ್ತದೋ ಇಲ್ಲವೋ ಎಂಬುದು ಅದೇ ಪ್ರತಿಕಾಯ, ಅದೇ ಕಂದು ಬಣ್ಣದ ಪರೀಕ್ಷೆಯಿಂದ ಗೊತ್ತಾಗಬೇಕಿತ್ತು. ನಾಟಿದರೆ ವರ್ಷಗಟ್ಟಲೆ ಬದುಕು. ಈಗ ಆ ತುಂಡಿಗೆ ಬಣ್ಣ ಹಿಡಿಯುವುದೇ ಕಷ್ಟ. ತೊಳೆದದ್ದು ಬರೀ ತುಂಡನ್ನಲ್ಲ, ಅವ್ವನ ಆಯುಷ್ಯವನ್ನು! ನಾನೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ, ಇದು ಹೇಗಾಯಿತು, ಯಾರು ಮಾಡಿದರು ಎಂದು ಕೂಗಿದ.

"ನಂದ ತಪ್ಪು ಭಾವಾರ. ಬಾಟ್ಲಿ ಬದಲು ಮಾಡಾಕ ಹೋಗಿ ನೀರು ಹಾಕಿಬಿಟ್ಟೀನಿ," ಎಂದ ಮಾವ.

ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುವವನು, ನಿದ್ದೆಯಲ್ಲೂ ಅಂಥ ತಪ್ಪು ಮಾಡದವನು! ಅವನೇ ಏನೋ ಗೊಂದಲದಲ್ಲಿ ಹಾಗೆ ತಿಳಿದುಕೊಂಡಿದ್ದಾನೆ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಹೇಡಿಗಳಿಗೆ ಇಂಥ ವಿಚಾರಗಳು ಬೇಗ ಹೊಳೆಯುತ್ತವೆ. ತೆರೆದ ಬಾಯಿ ಮುಚ್ಚಿಕೊಂಡೆ. ಮೊಲ ಮೇಕೆಗಳ ಸೇವೆ ಮಾಡುವ ಹುಚ್ಚ ಸ್ವಂತ ಅಕ್ಕನನ್ನು ಹಾಳು ಮಾಡಿದ ಎಂದು ಅಪ್ಪ ಅಂದ ಮಾತುಗಳನ್ನು ಮಾವ ತಲೆ ತಗ್ಗಿಸಿ ಕೇಳಿಸಿಕೊಂಡ.

ಮೂರು ದಿನ ಮಾವ ಮನೆಗೆ ಬರಲಿಲ್ಲ. ನಾಲ್ಕನೆಯ ದಿನ ಗಡ್ಡ ಬಿಟ್ಟುಕೊಂಡು ಬಂದ. ಉಪ್ಪಿನಕಾಯಿ ಹೋಳಿಗೆ ಉಪ್ಪು ಹೊರಗಿನಿಂದ ಇಳಿಯುವ ಹಾಗೆ ಫಾರ್ಮಲಿನ್ ಕೂಡ ಹೊರಗಿನಿಂದಲೇ ಇಳಿಯುತ್ತದಂತೆ. ನಾನು ಚೆಲ್ಲುವ ಮುಂಚೆ ಅದು ಅಂಚಿಗೆ ಒಂದಿಷ್ಟು ಇಳಿದಿತ್ತು. ನಡುವೆಲ್ಲ ಹೋಗಿತ್ತು, ಅಂಚಿನಲ್ಲಿ ಒಂದು ಅಕ್ಕಿಕಾಳಿನಷ್ಟು ಉಳಿದಿತ್ತು. ಆ ಅಕ್ಕಿಕಾಳನ್ನು ಹೆಚ್ಚಿ, ಕುಕ್ಕರಿನಲ್ಲಿ ಒಂದು ಸೀಟಿ, ಎರಡು ಸೀಟಿ ಎಂದು ಬೇರೆ ಬೇರೆ ಹದ ನೋಡಿ, ಕೊನೆಗೆ ಬಣ್ಣ ತರಿಸಿದ್ದ. ತಿಳಿಯಾದರೂ ಖಚಿತವಾದ ಕಂದು. ಗುಳಿಗೆ ನಾಟುತ್ತದೆ!

ಡಾಕ್ಟರಮ್ಮ ತಮ್ಮ ಕಾವಲುಗಾರ ಪ್ರೋಟೀನಿನ ಪ್ರತಿಕಾಯವನ್ನೂ ಅದರ ಮೇಲೆ ಹಾಕಿ ನೋಡಿದರಂತೆ. ಅದೂ ತಿಳಿಯಾಗಿ ಬಂತಂತೆ. ಮಾವನಿಗೆ ಇನ್ನೊಂದು ಹುಚ್ಚು ಹತ್ತಲು ಅಷ್ಟು ಸಾಕಾಯಿತು. ಇಷ್ಟು ಕಷ್ಟಪಟ್ಟ ತುಂಡಿನಲ್ಲೇ ಬಣ್ಣ ಬಂತೆಂದರೆ ಔಷಧಿ ಸರಿ ಇದೆ ಎಂದೇ ಅರ್ಥ, ಇದಕ್ಕಿಂತ ಒಳ್ಳೆಯ ಕಂಟ್ರೋಲ್ ಇಲ್ಲ ಎಂದ. ಡಾಕ್ಟರಮ್ಮ ಮನೆಗೇ ಬಂದು ಅವ್ವನ ಒಪ್ಪಿಗೆ ಕೇಳಿದರು. ಅವ್ವ ಅವರಿಗೆ ಬಾಳೆಹಣ್ಣು ತೊಳೆದುಕೊಟ್ಟು, "ಒಳಗ ಇದ್ದಾಗ ನನಗಂತೂ ಉಪಯೋಗ ಆಗ್ಲಿಲ್ಲವ್ವ. ಹೊರಗ ಬಂದಾದ್ರೂ ನಾಕು ಮಂದಿಗೆ ದುಡೀಲಿ," ಎಂದಳು.

ಆಮೇಲೆ ಮಾವನದು ಚೀಟಿ ಚಳುವಳಿ. "ಇದರಲ್ಲಿ ನೀರು ಹಾಕಬೇಡಿ, ಔಷಧಿ ಚೆಲ್ಲಬೇಡಿ" ಎಂದು ಚೀಟಿಗಳನ್ನು ಬರೆಸಿ, ರಜೆಯ ದಿನ ಊರೂರಿನ ನರ್ಸಿಂಗ್ ಹೋಮುಗಳಿಗೆ ಹೋಗಿ ಬಾಟಲಿಗಳಿಗೆ ಅಂಟಿಸಿ ಬರುವುದು. ಕೊಟ್ಟೂರಿನಲ್ಲಿ ಅವನನ್ನು ಯಾವುದೋ ಕಂಪನಿಯ ಏಜೆಂಟ್ ಎಂದು ಹೊರಗೆ ಕೂರಿಸಿದ್ದರು. ಇಟ್ಟಿಗಿಯ ಹಿರಿಯರೊಬ್ಬರು ಚೀಟಿ ಓದಿ, ತಮ್ಮ ಎತ್ತಿನ ಔಷಧಿಯ ಬಾಟಲಿಗೂ ಒಂದು ಇಸಿದುಕೊಂಡರು. ಇರಲಿ, ಆದರೆ ಆ ಚೀಟಿ ಬರೆಯುವವರು ಯಾರು? ನಾನು! ನಿನ್ನ ಅಕ್ಷರ ಚಲೋ ಅದಾವ ಎಂದು ಕಟ್ಟುಗಟ್ಟಲೆ ಕಾಗದ ತಂದು ಮುಂದಿಡುತ್ತಿದ್ದ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಎಂದು ಮೇಷ್ಟ್ರುಗಳೇ ಹೇಳುತ್ತಿದ್ದರು. ನೀರು ಹಾಕಬೇಡಿ, ನೀರು ಹಾಕಬೇಡಿ ಎಂದು ಬರೆಯುವಾಗ ಪ್ರತಿ ಚೀಟಿಯೂ ನನ್ನನ್ನೇ ಚುಚ್ಚುತ್ತಿತ್ತು. ಕೈ ನೋವು ಎಂದರೂ ಬಿಡುತ್ತಿರಲಿಲ್ಲ, ಪುಣ್ಯಾತ್ಮ.

ಗುಳಿಗೆ ನಾಟಿತು. ಅವ್ವ ಮತ್ತೆ ಆರು ವರ್ಷ ಬಾಳೆಹಣ್ಣು ತೊಳೆದಳು. ನನ್ನ ಮದುವೆ ಮಾಡಿದಳು, ಅಳಿಯ ತಂದ ಹಣ್ಣನ್ನೂ ತೊಳೆದಳು. ಆಮೇಲೆ ರೋಗ ಮರಳಿ ಬಂತು. ಈ ಸಲ ಗುಳಿಗೆಯ ಮಾತು ಕೇಳಲಿಲ್ಲ.

ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಬಿಡಬೇಕು. ಮನೆಮಂದಿಯೆಲ್ಲ ನಿಂತು ನೋಡಿದರೆ ಮಾವ ಇಲ್ಲ! ಮೊದಲ ಬಸ್ಸಿಗೇ ಕೆಲಸಕ್ಕೆ ಹೋಗಿಬಿಟ್ಟಿದ್ದಾನೆ! ನೆರೆದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಕಾರ್ಯ ಮುಗಿದ ತಕ್ಷಣ ದಾವಣಗೆರೆಯ ಬಸ್ಸು ಹತ್ತಿದೆ. ಅವನ ಪ್ರಯೋಗಾಲಯಕ್ಕೆ ನುಗ್ಗಿ, ಸಾಕಿದ ಅಕ್ಕನಿಗೆ ಒಂದು ತಂಬಿಗೆ ಹಾಲು ಬಿಡಲಾರದಷ್ಟು ಯಾವ ಘನಕಾರ್ಯ ಇತ್ತು ಎಂದು ಕೇಳಿದೆ.

ಮಾವ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ. ಕಣ್ಣು ಕೆಂಪಗೆ ಬಾತಿದ್ದವು. "ಎಂಟು ಮಂದೀದು ರಿಪೋರ್ಟು ಇವತ್ತ ಹೇಳಬೇಕಿತ್ತು. ಅಕ್ಕ ಇಲ್ದ ಹ್ಯಾಂಗ ಮಾಡ್ಲಿ?" ಎಂದು ಸ್ಟೂಲು ಬಿಟ್ಟು ಎದ್ದ. ನಾನು ಕೂತು ಕಣ್ಣಿಟ್ಟೆ. ನೀಲಿಯ ನಡುವೆ ಕಂದು ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಆರು ವರ್ಷದಿಂದ ಪ್ರತಿ ಪರೀಕ್ಷೆಯಲ್ಲೂ ಮೊದಲನೆಯ ಗಾಜು ಅವಳದೇ. ಕಂಟ್ರೋಲ್ ಎಂಬ ಪದ ಕೇಳಿ ಕೇಳಿ ನಕ್ಕಿದ್ದೆನಲ್ಲ, ಅದು ನನ್ನ ಅವ್ವ ಎಂಬುದು ನನ್ನ ದಡ್ಡತಲೆಗೆ ಅಂದು ಇಳಿಯಿತು. ಅಳು ತಡೆಯಲಾಗಲಿಲ್ಲ. ಆ ನೀರು ಹಾಕಿದ್ದು ನಾನು ಮಾವ ಎಂದುಬಿಟ್ಟೆ.

"ಗೊತ್ತೈತಿ. ಮುಚ್ಚಳದ ಮ್ಯಾಲ ನಿನ್ನ ನೀಲಿ ಹೆಬ್ಬಟ್ಟು ಇತ್ತು," ಎಂದ.

ಇಷ್ಟು ವರ್ಷ ಒಂದು ಮಾತು ಅನ್ನಲಿಲ್ಲವಲ್ಲ ಎಂದೆ.

"ಅಂದು ಏನು ಮಾಡೋದೈತಿ? ಶಿಕ್ಷೆ ಕೊಟ್ಟೀನಲ್ಲ. ಸಾವಿರ ಚೀಟಿ ಬರೆಸಿಲ್ಲೇನು? ಅಲ್ಲಿಗೆ ಮುಗೀತು." ಹೀಗೆಂದು ಅವನು ಮುಂದಿನ ಗಾಜು ಎತ್ತಿಕೊಂಡ.

ಎರಡು ವರ್ಷದ ನಂತರ, ನಾನು ತವರಿಗೆ ಬಂದಿದ್ದ ಒಂದು ದಿನ, ಮಾವ ಮಧ್ಯಾಹ್ನದ ಬಸ್ಸಿಗೇ ವಾಪಸು ಬಂದ. ಅವನು ಹಾಗೆ ಬಂದದ್ದೇ ಇಲ್ಲ. ಅತ್ತೆ ಗಾಬರಿಯಾಗಿ ಮೈ ಮುಟ್ಟಿ ನೋಡಿದಳು. ಅವನು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಹಾಲು, ತುಪ್ಪ ಕೊಡು ಎಂದ. ಯಾರಿಗೆ ಎಂದು ಅತ್ತೆ ಕೇಳಿದಳು.

"ಅಕ್ಕಗ. ಇವತ್ತ ಕೊನೀ ಪದರ ಕೊಯ್ದೆ. ಮುಗೀತು ಅಕ್ಕಂದು."

ಅತ್ತೆ ಹಾಲು ತರಲು ಒಳಗೆ ಹೋದಳು. ಹಾಲು ತುಂಬಿಕೊಂಡು ಹೋಗಲೆಂದು ನಾನು ಗೂಡಿನಲ್ಲಿದ್ದ ಖಾಲಿ ಬಾಟಲಿಯೊಂದನ್ನು ತೆಗೆದುಕೊಂಡು ಬಚ್ಚಲಿಗೆ ಹೋಗಿ ತಂಬಿಗೆ ಎತ್ತಿದೆ. ಎತ್ತಿದವಳಿಗೆ ಏನೋ ನೆನಪಾಗಿ ಕೈ ಅಲ್ಲೇ ನಿಂತಿತು. ಮಾವ ಬಂದು ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಅವ್ವ ಹೋದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗು ಕಂಡೆ. ಕಣ್ಣಲ್ಲಿ ಮಾತ್ರ ನೀರಿತ್ತು.

"ಇದನ್ನ ತೊಳಿ, ಅಡ್ಡಿಯಿಲ್ಲ," ಎಂದ.